ವಾಹನದಲ್ಲಿ ಪುಟ್ಟ ಗಣಕಯಂತ್ರ: ಅಳವಡಿಸುವ ಕ್ರಮ ಮತ್ತು ಮುನ್ನೆಚ್ಚರಿಕೆಗಳು

(ರೈತರ ತರಬೇತಿ ತರಗತಿಯಲ್ಲಿ ನೀಡಿದ ಭಾಷಣದ ಪಾಠ)



ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗುತ್ತಿದ್ದ ಕಾಲದಲ್ಲಿ ದಾರಿ ಎತ್ತುಗಳಿಗೇ ಗೊತ್ತಿರುತ್ತಿತ್ತು. ಗಾಡಿ ಹೊಡೆಯುವವನಿಗೆ ತೂಕಡಿಕೆ ಬಂದರೂ ಅವು ಮನೆ ಮುಟ್ಟಿಸುತ್ತಿದ್ದವು. ಇಂದಿನ ಸ್ಥಿತಿ ಬೇರೆ. ಟೊಮೆಟೊ, ಸೊಪ್ಪು, ಹೂವು ಮುಂತಾದ ಬೇಗ ಕೆಡುವ ಮಾಲನ್ನು ಹೇರಿಕೊಂಡು ರೈತರು ರಾತ್ರಿಯೇ ಹೊರಟು, ಹರಾಜಿಗೆ ಮುಂಚೆ ಮಾರುಕಟ್ಟೆ ಸೇರಬೇಕಾಗುತ್ತದೆ. ಇಂದು ಕೋಲಾರದ ಟೊಮೆಟೊ ಮಾರುಕಟ್ಟೆಗೆ ಹೋದವರು ನಾಳೆ ಬೆಲೆ ನೋಡಿಕೊಂಡು ನೆರೆ ರಾಜ್ಯದ ಮಾರುಕಟ್ಟೆಗೂ ಹೋಗಬೇಕಾದೀತು. ದಾರಿ ಹೊಸದು, ಹೊತ್ತು ರಾತ್ರಿಯದು, ಮೊಬೈಲ್ ಸಂಪರ್ಕ ಎಲ್ಲ ಕಡೆಯೂ ಸಿಗುವುದಿಲ್ಲ. ಇಂಥ ಸಂದರ್ಭದಲ್ಲಿ ದಾರಿ ತೋರಿಸುವ, ಜೊತೆಗೆ ಹಾಡನ್ನೂ ಕೇಳಿಸುವ ಪುಟ್ಟ ಗಣಕಯಂತ್ರವನ್ನು ಜೀಪು, ಕಾರು ಅಥವಾ ಸರಕು ವಾಹನಕ್ಕೆ ಸ್ವತಃ ಅಳವಡಿಸಿಕೊಳ್ಳಬಹುದೇ ಎಂಬುದು ವಿದ್ಯುತ್ ಕೆಲಸದಲ್ಲಿ ಆಸಕ್ತಿಯುಳ್ಳ ಯುವ ರೈತರ ಪ್ರಶ್ನೆ.

ಅಳವಡಿಸಿಕೊಳ್ಳಬಹುದು. ಆದರೆ ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಡಬೇಕು. ವಾಹನದ ಬ್ಯಾಟರಿ ಇರುವುದು ಮುಖ್ಯವಾಗಿ ಎಂಜಿನ್ನನ್ನು ಚಾಲೂ ಮಾಡುವುದಕ್ಕೆ. ದಾರಿ ತೋರಿಸಬೇಕಾದ ಯಂತ್ರವೇ ಬ್ಯಾಟರಿಯನ್ನು ಬರಿದು ಮಾಡಿದರೆ ಹೇರಿದ ಮಾಲು ನಿಂತಲ್ಲೇ ಬಾಡುತ್ತದೆ. ಈ ಕೆಲಸದಲ್ಲಿ ಗಣಕಯಂತ್ರ ಸುಲಭದ ಭಾಗ. ಅದಕ್ಕೆ ವಿದ್ಯುತ್ ಒದಗಿಸುವ ಏರ್ಪಾಡೇ ಕಷ್ಟದ ಭಾಗ.

ಈ ಉಪಕರಣ ಬೆಳೆದು ಬಂದ ಬಗೆ

ವಾಹನದಲ್ಲಿ ದಾರಿ ತೋರಿಸುವ ಯಂತ್ರ ತೀರ ಹೊಸದೇನಲ್ಲ. ಜಪಾನಿನ ಹೋಂಡಾ ಸಂಸ್ಥೆ 1981ರಲ್ಲಿಯೇ ಇಂಥದೊಂದನ್ನು ಹೊರತಂದಿತ್ತು. ಪುಟ್ಟ ಪರದೆಯ ಮೇಲೆ ಪಾರದರ್ಶಕ ನಕ್ಷೆಯ ಹಾಳೆಯನ್ನು ಇಟ್ಟು ವಾಹನ ಇರುವ ಸ್ಥಳವನ್ನು ತಿಳಿಯಬೇಕಾಗಿತ್ತು. 1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಟ್ಯಾಕ್ ಎಂಬ ಯಂತ್ರ ಬಂದಿತು. ಅದರ ನಕ್ಷೆಗಳು ಕ್ಯಾಸೆಟ್ ಟೇಪಿನಲ್ಲಿದ್ದವು. ಅದು ದಿಕ್ಸೂಚಿ ಮತ್ತು ಚಕ್ರಗಳು ಉರುಳಿದ ದೂರದಿಂದ ಸ್ಥಳವನ್ನು ಲೆಕ್ಕ ಹಾಕುತ್ತಿತ್ತು. ಅಮೆರಿಕದ ಜಿ.ಪಿ.ಎಸ್. ಉಪಗ್ರಹ ವ್ಯವಸ್ಥೆ 1995ರಲ್ಲಿ ಪೂರ್ಣವಾಗಿ ಸಿದ್ಧವಾಯಿತು. ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿದ್ದ ಕ್ರಮವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ಇದು ರಸ್ತೆಯ ಬಳಕೆಗೆ ನಿಜವಾಗಿ ಒದಗಿತು. 2012ರಲ್ಲಿ ಬ್ರಿಟನ್ನಿನಲ್ಲಿ ರಾಸ್ಪ್‌ಬೆರಿ ಪೈ ಎಂಬ, ಅಂಗೈಯಗಲದ ಹಲಗೆಯ ಮೇಲೆ ಕಟ್ಟಿದ ಗಣಕಯಂತ್ರ ಮಾರಾಟಕ್ಕೆ ಬಂದಿತು. ಹವ್ಯಾಸಿಗಳು ವಾಹನಗಳಲ್ಲಿ ಕೂರಿಸುವುದು ಹೆಚ್ಚಾಗಿ ಇಂಥ ಯಂತ್ರವನ್ನೇ.

ಯಾರಿಗೆ ಬೇಕು, ಯಾರಿಗೆ ಬೇಡ

ತಿಂಗಳಿಗೊಮ್ಮೆ ಹೊಸ ದಾರಿಯಲ್ಲಿ ಹೋಗುವವರಿಗೆ ಕೈಯಲ್ಲಿರುವ ಮೊಬೈಲ್ ಫೋನೇ ಸಾಕು. ಹೊರಡುವ ಮುಂಚೆ ಬೇಕಾದ ಪ್ರದೇಶದ ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಂಡು, ಗಟ್ಟಿಯಾದ ಹಿಡಿಕೆಯಲ್ಲಿ ಕೂರಿಸಿದರೆ ಕೆಲಸ ನಡೆಯುತ್ತದೆ. ವಾಹನ ದಿನವೂ ಓಡುವುದಾದರೆ, ಮನೆಯ ಹಲವರು ಅದನ್ನು ಓಡಿಸುವುದಾದರೆ ಮತ್ತು ತಂತಿ ಜೋಡಿಸುವ ಕೆಲಸ ಬಲ್ಲವರು ಮನೆಯಲ್ಲಿದ್ದರೆ ಮಾತ್ರ ಪ್ರತ್ಯೇಕ ಗಣಕಯಂತ್ರ ಲಾಭದಾಯಕ. ಖಾತರಿ ಅವಧಿ ಮುಗಿಯದ ಹೊಸ ವಾಹನದ ತಂತಿಗಳಿಗೆ ಕೈ ಹಚ್ಚುವ ಮುಂಚೆ ಖಾತರಿಯ ಷರತ್ತುಗಳನ್ನು ಓದಿ ನೋಡುವುದು ಒಳ್ಳೆಯದು.

ಬೇಕಾಗುವ ಸಾಮಗ್ರಿಗಳು

1. ಪುಟ್ಟ ಗಣಕಯಂತ್ರ ಮತ್ತು ಒಳ್ಳೆಯ ಗುಣಮಟ್ಟದ ಮೆಮೊರಿ ಕಾರ್ಡು.
2. ಸುಮಾರು 7 ಅಂಗುಲದ, ಬೆರಳು ತಾಗಿಸಿ ನಡೆಸುವ ಪರದೆ.
3. ಯು.ಎಸ್.ಬಿ. ಜಿ.ಪಿ.ಎಸ್. ಗ್ರಾಹಕ.
4. ವಾಹನದ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಪರಿವರ್ತಕ. ಇದು ವಾಹನಕ್ಕೆಂದೇ ತಯಾರಾದದ್ದಾಗಿರಬೇಕು.
5. ಕೀಲಿ ತಿರುಗಿಸಿದ್ದನ್ನು ಗುರುತಿಸಿ ಗಣಕವನ್ನು ಕ್ರಮವಾಗಿ ಮುಚ್ಚಿಸುವ ನಿಯಂತ್ರಕ.
6. 5 ಆಂಪಿಯರ್ ಫ್ಯೂಸು, ಅದರ ಹಿಡಿಕೆ, 1.5 ಚದರ ಮಿಲಿಮೀಟರ್ ತಾಮ್ರದ ತಂತಿ, ರಬ್ಬರ್ ಬುಷ್‌ಗಳು ಮತ್ತು ಮಲ್ಟಿಮೀಟರ್.

ವಿದ್ಯುತ್ತಿನ ಲೆಕ್ಕ

ಗಣಕಯಂತ್ರ, ಪರದೆ, ಗ್ರಾಹಕ ಮೂರೂ ಸೇರಿ 12 ವ್ಯಾಟ್ ಬಳಸುತ್ತವೆ ಎಂದು ಇಟ್ಟುಕೊಂಡರೆ 12 ವೋಲ್ಟ್ ಬ್ಯಾಟರಿಯಿಂದ 1 ಆಂಪಿಯರ್ ಹರಿಯುತ್ತದೆ. ಪರಿವರ್ತಕದಲ್ಲಾಗುವ ನಷ್ಟವನ್ನು ಸೇರಿಸಿ ಸುಮಾರು 1.2 ಆಂಪಿಯರ್ ಎನ್ನಬಹುದು. ಎಂಜಿನ್ನು ಓಡುತ್ತಿರುವಾಗ ಇದು ಲೆಕ್ಕಕ್ಕೇ ಇಲ್ಲ. ಆಲ್ಟರ್ನೇಟರು ಸುಲಭವಾಗಿ ಒದಗಿಸುತ್ತದೆ. ಆದರೆ ವಾಹನ ನಿಲ್ಲಿಸಿ ಯಂತ್ರವನ್ನು ಆರಿಸಲು ಮರೆತರೆ 12 ಗಂಟೆಗಳಲ್ಲಿ 14 ಆಂಪಿಯರ್-ಗಂಟೆಗೂ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ಬ್ಯಾಟರಿ 35 ಆಂಪಿಯರ್-ಗಂಟೆಯದಾದರೆ ಅದು ಶೇಕಡ 40ರಷ್ಟಾಯಿತು. ಹಳೆಯ ಬ್ಯಾಟರಿಯಲ್ಲಿ ಹೊಸದರಷ್ಟು ಶಕ್ತಿ ಉಳಿದಿರುವುದಿಲ್ಲವಾದ್ದರಿಂದ ಮರುದಿನ ಎಂಜಿನ್ನು ಚಾಲೂ ಆಗದೆ ಹೋಗಬಹುದು. ಸ್ಟಾರ್ಟರು ತಿರುಗುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ವಾಹನದ ವಿದ್ಯುತ್ತು ಮನೆಯ ಬ್ಯಾಟರಿ ಪೆಟ್ಟಿಗೆಯಂತೆ ಒಂದೇ ಮಟ್ಟದಲ್ಲಿರುವುದಿಲ್ಲ. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ನು ಓಡುವಾಗ 14 ವೋಲ್ಟಿನ ಆಸುಪಾಸಿಗೆ ಏರುತ್ತದೆ. ಸ್ಟಾರ್ಟರು ತಿರುಗುವ ಕ್ಷಣದಲ್ಲಿ 10 ವೋಲ್ಟಿಗಿಂತ ಕೆಳಕ್ಕೂ ಕುಸಿಯಬಹುದು. ನಡುವೆ ಕ್ಷಣಮಾತ್ರದ ಹೆಚ್ಚಿನ ಒತ್ತಡಗಳೂ ಬರುತ್ತವೆ. ಆದ್ದರಿಂದ 8ರಿಂದ 36 ವೋಲ್ಟಿನವರೆಗೆ ತಡೆದುಕೊಳ್ಳುವ ಪರಿವರ್ತಕವನ್ನೇ ಆರಿಸಬೇಕು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುವುದರಿಂದ ಕಾರಿನ ಸಾಮಾನನ್ನು ನೋಡದೆ ಅಲ್ಲಿಗೆ ಜೋಡಿಸಬಾರದು.

ಅಳವಡಿಸುವ ಕ್ರಮ

1. ಎಲ್ಲ ಭಾಗಗಳನ್ನೂ ಮೊದಲು ಮನೆಯ ಮೇಜಿನ ಮೇಲೆ ಜೋಡಿಸಿ ಎರಡು ದಿನ ನಡೆಸಿ ನೋಡಬೇಕು. ಅಲ್ಲಿ ನಡೆಯದ್ದು ವಾಹನದಲ್ಲಿ ನಡೆಯುವುದಿಲ್ಲ.

2. ಕೆಲಸಕ್ಕೆ ಕೈ ಹಾಕುವ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಕೆಲಸ ಮುಗಿದ ಮೇಲೆ ಕೊನೆಯಲ್ಲಿ ಅದನ್ನು ಜೋಡಿಸಬೇಕು.

3. ಪಾಸಿಟಿವ್ ತಂತಿಯನ್ನು ಬ್ಯಾಟರಿಯಿಂದಲೇ ನೇರವಾಗಿ ತಂದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸನ್ನು ಕೂರಿಸಬೇಕು. ಫ್ಯೂಸು ಇರುವುದು ಗಣಕವನ್ನು ಕಾಯುವುದಕ್ಕಿಂತ ಮುಖ್ಯವಾಗಿ ತಂತಿಯನ್ನು ಕಾಯುವುದಕ್ಕೆ. ಗಣಕದ ಹತ್ತಿರ ಫ್ಯೂಸು ಇಟ್ಟರೆ, ನಡುವೆ ತಂತಿ ಉಜ್ಜಿ ಲೋಹಕ್ಕೆ ತಾಗಿದಾಗ ಅದು ಕಡಿಯುವುದೇ ಇಲ್ಲ; ತಂತಿ ಕೆಂಪಗೆ ಕಾದು ವಾಹನಕ್ಕೆ ಬೆಂಕಿ ಹತ್ತಬಹುದು. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಜಾಗದಲ್ಲಿ ತಂತಿಯ ತುಂಡು ಅಥವಾ ಸಿಗರೇಟಿನ ಬೇಗಡೆ ಸುತ್ತುವುದು ಅಪಾಯವನ್ನು ಕರೆದು ತಂದಂತೆ.

4. ಎಂಜಿನ್ ಕೋಣೆಯಿಂದ ಒಳಕ್ಕೆ ತಂತಿ ಹಾಯುವ ರಂಧ್ರಕ್ಕೆ ರಬ್ಬರ್ ಬುಷ್ ಹಾಕಬೇಕು. ತಂತಿಯು ಸ್ಟಿಯರಿಂಗ್ ಕಂಬ, ಪೆಡಲುಗಳು ಮತ್ತು ಕಾಯುವ ಹೊಗೆ ಕೊಳವೆಯಿಂದ ದೂರವಿರಬೇಕು.

5. ಅರ್ಥ್ ತಂತಿಯನ್ನು ಬಣ್ಣ ಕೆರೆದು ಹೊಳಪು ಬರಿಸಿದ ಲೋಹಕ್ಕೆ ಬಿಗಿಯಾಗಿ ಬೋಲ್ಟು ಮಾಡಬೇಕು.

6. ಪರಿವರ್ತಕವನ್ನು ಗಣಕದ ಪಕ್ಕದಲ್ಲಿಯೇ ಇಡಬೇಕು. 12 ವೋಲ್ಟಿನ ತಂತಿ ಉದ್ದವಾದರೆ ಚಿಂತೆಯಿಲ್ಲ. 5 ವೋಲ್ಟಿನ ತಂತಿ ಮಾತ್ರ ಮೋಟಾಗಿರಬೇಕು. 3 ಆಂಪಿಯರ್ ಹರಿಯುವಾಗ ತಂತಿಯಲ್ಲಿ 0.1 ಓಮ್ ತಡೆ ಇದ್ದರೂ 0.3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ರಾಸ್ಪ್‌ಬೆರಿ ಪೈ ಯಂತ್ರಕ್ಕೆ ಸಿಗುವ ವಿದ್ಯುತ್ತು ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಸಿಡಿಲಿನ ಗುರುತು ಮೂಡುತ್ತದೆ. ಅದನ್ನು ಕಂಡರೆ ಯಂತ್ರ ಕೆಟ್ಟಿತೆಂದು ತಿಳಿಯದೆ ತಂತಿಯನ್ನು ಪರೀಕ್ಷಿಸಬೇಕು.

7. ವಾಹನದ ಕೀಲಿಯಿಂದ ಇನ್ನೊಂದು ತೆಳು ತಂತಿಯನ್ನು, ಅದಕ್ಕೂ 1 ಆಂಪಿಯರ್ ಫ್ಯೂಸು ಹಾಕಿ, ನಿಯಂತ್ರಕಕ್ಕೆ ಸೂಚನೆಗಾಗಿ ತರಬೇಕು. ಕೀಲಿ ಆರಿಸಿದ ಕೂಡಲೇ ವಿದ್ಯುತ್ತನ್ನು ಥಟ್ಟನೆ ಕಡಿದರೆ ಮೆಮೊರಿ ಕಾರ್ಡಿನಲ್ಲಿ ಬರೆಯುತ್ತಿದ್ದುದು ಅರ್ಧಕ್ಕೇ ನಿಂತು ಕಾರ್ಡು ಕೆಡುವ ಸಂಭವವುಂಟು. ನಿಯಂತ್ರಕವು ಮೊದಲು ಗಣಕಕ್ಕೆ ಮುಚ್ಚಿಕೊಳ್ಳಲು ಸೂಚನೆ ಕೊಟ್ಟು, ಸುಮಾರು ಒಂದು ನಿಮಿಷ ಕಾದು, ಆಮೇಲೆ ವಿದ್ಯುತ್ತನ್ನು ಪೂರ್ಣವಾಗಿ ಕಡಿಯಬೇಕು. ಬ್ಯಾಟರಿ 12 ವೋಲ್ಟಿಗೆ ಇಳಿದಾಗ ತಾನಾಗಿಯೇ ಕಡಿಯುವ ಗುಣವೂ ಅದಕ್ಕಿದ್ದರೆ ಉತ್ತಮ.

8. ಗಣಕವನ್ನು ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ ಬಿಗಿಯಬೇಕು. ಗಾಜಿನ ಕೆಳಗೆ ಡ್ಯಾಷ್‌ಬೋರ್ಡಿನ ಮೇಲೆ ಇಡಬಾರದು. ಈ ಯಂತ್ರದ ಮುಖ್ಯ ಚಿಪ್ಪು 80 ಡಿಗ್ರಿ ಸೆಲ್ಷಿಯಸ್ ದಾಟಿದರೆ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಗಾಳಿಚೀಲ ಅಡಗಿರುವ ಮುಚ್ಚಳದ ಮೇಲಾಗಲಿ ಅದರ ಎದುರಾಗಲಿ ಯಾವ ಉಪಕರಣವನ್ನೂ ಕೂರಿಸಬಾರದು.

ನಕ್ಷೆ ಮತ್ತು ಉಪಗ್ರಹ

ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಸ್ಥಳವನ್ನು ತಿಳಿಯಲು ಕನಿಷ್ಠ 4 ಉಪಗ್ರಹಗಳ ಸಂಕೇತ ಬೇಕು. ಗ್ರಾಹಕವು ಸಂಕೇತವನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಾನೇನನ್ನೂ ಕಳಿಸುವುದಿಲ್ಲ. ಆದ್ದರಿಂದ ಇದಕ್ಕೆ ಮೊಬೈಲ್ ಸಂಪರ್ಕವೂ ಬೇಡ, ಬಾಡಿಗೆಯೂ ಇಲ್ಲ. ಗ್ರಾಹಕವು ಆಕಾಶಕ್ಕೆ ಮುಖ ಮಾಡಿ ಗಾಜಿನ ಕೆಳಗಿರಬೇಕು. ತಗಡಿನ ಕೆಳಗೆ ಇಟ್ಟರೆ ಪ್ರಯೋಜನವಿಲ್ಲ. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಬೆಟ್ಟ ಮತ್ತು ದಟ್ಟ ಮರಗಳ ನಡುವೆ ತೋರಿಸುವ ಸ್ಥಳ ಸ್ವಲ್ಪ ಅತ್ತಿತ್ತ ಸರಿಯುವುದುಂಟು.

ನಕ್ಷೆ ಗಣಕದ ಕಾರ್ಡಿನಲ್ಲಿಯೇ ಇರಬೇಕು. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ ಎಲ್ಲರಿಗೂ ಉಚಿತ. ನ್ಯಾವಿಟ್ ಎಂಬ ತಂತ್ರಾಂಶದಲ್ಲಿ ಇದನ್ನು ಬಳಸಬಹುದು. ಈ ನಕ್ಷೆಯನ್ನು ಬರೆಯುವವರು ಸಾರ್ವಜನಿಕರೇ. ತಮ್ಮ ಊರಿನ ಬಂಡಿ ಜಾಡು, ಮಳೆಗಾಲದಲ್ಲಿ ಮುಳುಗುವ ಸೇತುವೆ, ಗೋದಾಮಿನ ದಾರಿ ಮುಂತಾದವು ಅದರಲ್ಲಿ ಇಲ್ಲದಿದ್ದರೆ ರೈತರೇ ಸೇರಿಸಬಹುದು. ಇದರಿಂದ ಊರಿಗೆ ಮಾಲು ಕೊಳ್ಳಲು ಬರುವವರಿಗೂ ಅನುಕೂಲ.

ಆದರೆ ಯಂತ್ರ ಆರಿಸುವ ಹತ್ತಿರದ ದಾರಿ ಹೇರಿದ ವಾಹನಕ್ಕೆ ತಕ್ಕ ದಾರಿಯಾಗಿರಬೇಕೆಂದಿಲ್ಲ. ನಕ್ಷೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ಕೆರೆ ಏರಿಯ ಮೇಲೆ ಭಾರದ ವಾಹನವನ್ನು ಹತ್ತಿಸಬಾರದು. ಅನುಮಾನ ಬಂದಲ್ಲಿ ಇಳಿದು ಆ ಊರಿನವರನ್ನು ಕೇಳುವುದೇ ಲೇಸು.

ಹಾಡು ಮತ್ತು ಮನರಂಜನೆ

ಹಾಡು ಕೇಳಲು ಕೋಡಿ ಎಂಬ ಉಚಿತ ತಂತ್ರಾಂಶವಿದೆ. ಕೆರೆಯ ಕೋಡಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಗಣಕದ ಧ್ವನಿಯನ್ನು ವಾಹನದಲ್ಲಿ ಈಗಾಗಲೇ ಇರುವ ಸ್ಟೀರಿಯೋ ಪೆಟ್ಟಿಗೆಗೆ ಕೊಡಬಹುದು. ಎಂಜಿನ್ನಿನ ವೇಗ ಏರಿದಂತೆಲ್ಲ ಹಾಡಿನ ಹಿಂದೆ ಕುಂಯ್ ಎನ್ನುವ ಸದ್ದೂ ಏರಿದರೆ, ಅದು ಆಲ್ಟರ್ನೇಟರಿನಿಂದ ಬರುವ ಸದ್ದು. ಗಣಕ ಮತ್ತು ಸ್ಟೀರಿಯೋ ಎರಡರ ಅರ್ಥ್ ತಂತಿಯನ್ನೂ ಒಂದೇ ಬೋಲ್ಟಿಗೆ ತಂದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಚಾಲಕನ ಕಣ್ಣು ರಸ್ತೆಯ ಮೇಲೆ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕನು 3 ಸೆಕೆಂಡು ಪರದೆಯನ್ನು ನೋಡಿದರೆ 50 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಅಷ್ಟರಲ್ಲಿ ದೀಪವಿಲ್ಲದ ಟ್ರಾಕ್ಟರಿನ ಟ್ರೈಲರು ಎದುರಾಗಬಹುದು, ಇಲ್ಲವೇ ದನಕರುಗಳು ಅಡ್ಡ ಬರಬಹುದು. ಆದುದರಿಂದ ಹೋಗಬೇಕಾದ ಊರನ್ನು ವಾಹನ ನಿಂತಿರುವಾಗಲೇ ಗುರುತಿಸಿಡಬೇಕು. ಓಡುವಾಗ ಧ್ವನಿಯ ಸೂಚನೆಯನ್ನು ಮಾತ್ರ ಕೇಳಬೇಕು. ಚಲನಚಿತ್ರ ನೋಡುವುದು ವಾಹನ ನಿಲ್ಲಿಸಿ ಕಾಯುವಾಗ ಮಾತ್ರ. ರಾತ್ರಿ ಪರದೆಯ ಬೆಳಕನ್ನು ತಗ್ಗಿಸಬೇಕು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನಗಳನ್ನು ದಾರಿ ನೋಡಿಕೊಳ್ಳಲು ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ, ಬಳಸಲು ಅವಕಾಶ ನೀಡಿದೆ. ವಾಹನದಲ್ಲಿ ಕೂರಿಸಿದ ಯಂತ್ರಕ್ಕೂ ಇದೇ ಎಚ್ಚರಿಕೆ ಬೇಕು.

ಕೊನೆಯ ಪರೀಕ್ಷೆ

ಮಾಲು ಹೇರುವ ಮುಂಚೆ ಮೂರು ಪರೀಕ್ಷೆಗಳನ್ನು ತಪ್ಪದೆ ಮಾಡಬೇಕು. ಮೊದಲನೆಯದಾಗಿ, ಗಣಕವನ್ನು ಜೋಡಿಸುವ ಮುಂಚೆ ಪರಿವರ್ತಕದಿಂದ 5ರಿಂದ 5.1 ವೋಲ್ಟ್ ಬರುತ್ತಿದೆಯೇ ಎಂದು ಅಳೆಯಬೇಕು. ಎರಡನೆಯದಾಗಿ, ಗಣಕ ನಡೆಯುತ್ತಿರುವಾಗ ಎಂಜಿನ್ನನ್ನು ಹತ್ತು ಸಲ ಆರಿಸಿ ಚಾಲೂ ಮಾಡಬೇಕು. ಒಂದು ಸಲವೂ ಗಣಕ ತಾನಾಗಿ ಮೊದಲಿನಿಂದ ಆರಂಭವಾಗಬಾರದು. ಮೂರನೆಯದಾಗಿ, ಕೀಲಿ ತೆಗೆದು ಐದು ನಿಮಿಷ ಬಿಟ್ಟು, ಹೊಸ ತಂತಿಯ ಫ್ಯೂಸಿನ ಜಾಗದಲ್ಲಿ ಮಲ್ಟಿಮೀಟರ್ ಹಿಡಿದು ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ನೋಡಬೇಕು. ಅದು 0.05 ಆಂಪಿಯರಿಗಿಂತ ಕಡಿಮೆ ಇದ್ದರೆ ದಿನಕ್ಕೆ ಖರ್ಚಾಗುವುದು 1.2 ಆಂಪಿಯರ್-ಗಂಟೆಗಿಂತ ಕಡಿಮೆ, ಭಯವಿಲ್ಲ. ಹೆಚ್ಚಿದ್ದರೆ ನಿಯಂತ್ರಕ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ.

ಬಳಿಕ ವಾಹನವನ್ನು ಒಂದು ರಾತ್ರಿ ಮನೆಯ ಮುಂದೆ ನಿಲ್ಲಿಸಿ ಬೆಳಿಗ್ಗೆ ಚಾಲೂ ಮಾಡಿ ನೋಡಬೇಕು. ಒಂದೇ ಸಲಕ್ಕೆ ಎಂಜಿನ್ನು ಹಿಡಿದರೆ ಮಾತ್ರ ಆ ಗಣಕಯಂತ್ರವನ್ನು ನಂಬಿ ದೂರದ ಮಾರುಕಟ್ಟೆಗೆ ಹೊರಡಬಹುದು. ಹಾಗಾಗದಿದ್ದರೆ ಫ್ಯೂಸನ್ನು ಕಿತ್ತಿಟ್ಟು, ದೋಷ ಸಿಗುವವರೆಗೆ ವಾಹನವನ್ನು ಮೊದಲಿನಂತೆಯೇ ಓಡಿಸುವುದು ಕ್ಷೇಮ.