ಗ್ಯಾಲರಿಯ ಕುಂಡಗಳೂ ಮೇ ತಿಂಗಳ ನೀರೂ
(ಮುಂಬಯಿಯ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಮೇಜಿನ ಸುತ್ತ ಪತ್ರಿಕೆ ಓದಲು ಸೇರುವ ನಾವು, ಓದು ಮುಗಿದ ಮೇಲೆ ಬೆಲೆಯೇರಿಕೆಯ ಮಾತು ಬಿಟ್ಟರೆ ಹೆಚ್ಚಾಗಿ ಆಡುವುದು ಗಿಡಗಳ ಮಾತನ್ನೇ. ‘ನಿಮ್ಮ ಕರಿಬೇವು ಚಿಗುರಿತೇ?’ ‘ದಾಸವಾಳಕ್ಕೆ ಮತ್ತೆ ಬಿಳಿ ಹುಳು ಹತ್ತಿದೆಯಲ್ಲ, ಏನು ಮಾಡೋಣ?’ ಎಂಬ ಈ ಬಿಡಿ ಮಾತುಗಳನ್ನು ಒಂದು ಕ್ರಮಕ್ಕೆ ತಂದು ತಮ್ಮ ಮುಂದಿಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾವು ಸಸ್ಯಶಾಸ್ತ್ರದ ಪಂಡಿತರಲ್ಲ. ಹಗಲು ಕಚೇರಿ, ಕಾರ್ಖಾನೆ, ಹೋಟೆಲುಗಳಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಕುಂಡಕ್ಕೆ ನೀರು ಹಾಕುವವರು. ನಮಗೆ ಕೈಗೂಡಿದ್ದನ್ನೂ ನಮ್ಮನ್ನು ಕಾಡುತ್ತಿರುವುದನ್ನೂ ಋತುವಿಗೆ ತಕ್ಕಂತೆ ಅರಿಕೆ ಮಾಡುತ್ತೇವೆ.

ಮೊದಲು ಜಾಗದ ಮಾತು. ತೋಟ ಎಂದರೆ ನಮ್ಮ ಪಾಲಿಗೆ ದೊಡ್ಡ ಶಬ್ದವಾಯಿತು. ಚಾಳಿನ ಗ್ಯಾಲರಿಯ ಎರಡು ಮೊಳ, ಕಿಟಕಿಯ ಕಂಬಿಗೂಡು, ನೀರಿನ ತೊಟ್ಟಿಯ ಪಕ್ಕದ ಮೂಲೆ, ಇಷ್ಟೇ ನಮ್ಮ ಆಸ್ತಿ. ಈಚೆಗೆ ಒಂದು ಕಟ್ಟಡದ ವ್ಯವಸ್ಥಾಪಕರು ‘ಗ್ಯಾಲರಿಯಿಂದ ಕುಂಡಗಳನ್ನೆಲ್ಲ ತೆಗೆಯಿರಿ’ ಎಂದು ಫಲಕ ಹಾಕಿದರು. ನಮ್ಮವರಿಗೆ ಸಿಟ್ಟು ಬಂತು. ಆದರೂ ಸಿಟ್ಟಿಗಿಂತ ಮೊದಲು ಲೆಕ್ಕ ನೋಡುವುದು ಲೇಸು. ಹನ್ನೆರಡು ಅಂಗುಲದ ಒಂದು ಕುಂಡದಲ್ಲಿ ಸುಮಾರು 15 ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ಅದು ನೀರು ಕುಡಿದರೆ 20 ಕಿಲೋಗ್ರಾಮಿಗೂ ಮೇಲೆ ತೂಗುತ್ತದೆ. ಅಂಥ ಹತ್ತು ಕುಂಡಗಳನ್ನು ಸಾಲಾಗಿಟ್ಟರೆ ಮೂರು ನಾಲ್ಕು ಜನ ಹಗಲೂ ರಾತ್ರಿಯೂ ಅಲ್ಲೇ ನಿಂತಂತೆ. ಹಳೆಯ ಮರದ ತೊಲೆ ಅದನ್ನು ಹೊರಬೇಕಲ್ಲ! ಆದ್ದರಿಂದ ಬರಿಯ ಮಣ್ಣನ್ನು ತುಂಬದೆ, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಕಲಸಿ ತುಂಬಿದರೆ ಭಾರ ಕಡಿಮೆಯಾಗುತ್ತದೆ, ಬೇರಿಗೂ ಗಾಳಿ ಸಿಗುತ್ತದೆ. ಕಟಕಟೆಯ ಮೇಲೆ ಯಾವ ಕುಂಡವನ್ನೂ ಇಡಲಾಗದು. ಗಾಳಿಗೆ ಅದು ಉರುಳಿದರೆ ಕೆಳಗೆ ಹೋಗುತ್ತಿರುವ ಮಗುವಿನ ತಲೆಗೆ ನಾವು ಏನು ಉತ್ತರ ಕೊಡೋಣ? ಕುಂಡಗಳನ್ನು ಗೋಡೆಯ ಬುಡಕ್ಕೆ ಸರಿಸಿ, ಸಂಖ್ಯೆ ಇಳಿಸಿ, ನಡೆಯುವ ದಾರಿ ಬಿಟ್ಟುಕೊಟ್ಟ ಮೇಲೆ ಆ ಫಲಕ ಕೆಳಗಿಳಿಯಿತು.

ಇನ್ನು ಮಳೆಗಾಲ. ಮುಂಬಯಿಗೆ ಮಳೆ ಜೂನ್ ಎರಡನೆಯ ವಾರದ ಹೊತ್ತಿಗೆ ಬಂದು ಅಕ್ಟೋಬರ್ ಮೊದಲ ಭಾಗದವರೆಗೆ ನಿಲ್ಲುತ್ತದೆ. ಈ ಕಾಲದಲ್ಲಿ ನಮ್ಮನ್ನು ಎಂದೂ ಕೈಬಿಡದ ಗಿಡ ಬಸಳೆ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲಂತೂ ಊರಿನ ಬಸಳೆದಂಟು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಒಂದೇ ರಾತ್ರಿಯಲ್ಲಿ ಇಲ್ಲಿಗೆ ಬಂದಿಳಿಯುತ್ತದೆ. ಗೇಣುದ್ದದ ದಂಟನ್ನು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟರೆ ಸಾಕು. ಎಲೆಯ ಮೇಲೆ ಕೆಂಪು ಚುಕ್ಕೆ ಕಾಣಿಸಿದರೆ ಆ ಎಲೆಗಳನ್ನು ಕೂಡಲೇ ಕಿತ್ತುಬಿಡಬೇಕು. ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹಾಕಬೇಕು. ದೊಡ್ಡಪತ್ರೆಯ ಸ್ವಭಾವ ಇದಕ್ಕೆ ವಿರುದ್ಧ. ಅದು ಮಳೆಯ ಹೊಡೆತಕ್ಕೆ ಕೊಳೆಯುತ್ತದೆ. ಅದನ್ನು ಸೂರಿನ ಕೆಳಗೆ ಎಳೆದಿಡಿರಿ.

ಮಳೆಗಾಲದ ದೊಡ್ಡ ಆಪತ್ತು ಗಿಡಕ್ಕೆ ಬರುವುದಲ್ಲ, ನೆರೆಹೊರೆಗೆ ಬರುವುದು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಏಳರಿಂದ ಹತ್ತು ದಿನ ಸಾಕು. ಆ ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದಕಾರಣ ನೀರು ಚೆಲ್ಲಿದರಷ್ಟೇ ಆಗದು, ವಾರಕ್ಕೊಮ್ಮೆ ತಟ್ಟೆಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಮಳೆಗಾಲದ ನಾಲ್ಕು ತಿಂಗಳು ತಟ್ಟೆಗಳನ್ನೇ ತೆಗೆದಿಟ್ಟರೆ ಇನ್ನೂ ಉತ್ತಮ. ಒಬ್ಬರ ಮನೆಯ ಹೂವು ಇನ್ನೊಬ್ಬರ ಮನೆಯ ಜ್ವರವಾಗಕೂಡದು.

ದಸರೆ ಮುಗಿದು ದೀಪಾವಳಿ ಬಂತೆಂದರೆ ನಮ್ಮ ಗ್ಯಾಲರಿಗಳಿಗೆ ಸುಗ್ಗಿ. ಮೆಂತ್ಯ, ಕೊತ್ತಂಬರಿ, ಟೊಮೇಟೊ, ಮೆಣಸಿನಕಾಯಿ ಎಲ್ಲವೂ ಈ ಕಾಲದಲ್ಲಿ ಒಲಿಯುತ್ತವೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿರಿ. ಮೆಂತ್ಯವನ್ನು ಒಂದು ರಾತ್ರಿ ನೆನೆಸಿ ಬಿತ್ತಿರಿ. ಅಡುಗೆಮನೆಯ ಡಬ್ಬಿಯ ಮೆಂತ್ಯವೇ ಸಾಕು, ಅಂಗಡಿಗೆ ಹೋಗಬೇಕಾಗಿಲ್ಲ. ಟೊಮೇಟೊದ ವಿಷಯದಲ್ಲಿ ಎರಡು ದೂರುಗಳು ಪ್ರತಿವರ್ಷವೂ ಬರುತ್ತವೆ. ಕಾಯಿಯ ತಳ ಕಪ್ಪಾಗಿ ಕೊಳೆಯುವುದು ಒಂದು. ಇದು ಹುಳುವಿನ ಕಾಟವಲ್ಲ. ಒಂದು ದಿನ ನೀರು ತುಂಬಿ, ಮೂರು ದಿನ ಒಣಗಿಸಿದರೆ ಗಿಡವು ಸುಣ್ಣದ ಅಂಶವನ್ನು ಕಾಯಿಗೆ ಮುಟ್ಟಿಸಲಾರದು. ನೀರನ್ನು ಪ್ರತಿದಿನ ಒಂದೇ ಅಳತೆಯಲ್ಲಿ ಹಾಕಿದರೆ ಮುಂದಿನ ಕಾಯಿ ಸರಿಹೋಗುತ್ತದೆ. ಎಲೆ ಮುದುಡುವುದು ಎರಡನೆಯದು. ಬಿಳಿನೊಣ ತರುವ ರೋಗವಾದರೆ ಅದಕ್ಕೆ ಮದ್ದಿಲ್ಲ. ಗಿಡವನ್ನೇ ಕಿತ್ತು ಎಸೆಯಬೇಕು. ಬೆಂಗಳೂರಿನ ಹೊರಗೆ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ರಕ್ಷಕ್ ಎಂಬ ತಳಿಯನ್ನು ಈ ರೋಗವನ್ನು ತಾಳುವಂತೆ ಬೆಳೆಸಿದ್ದಾರೆ. ಊರಿಗೆ ಹೋದವರು ಆ ಬೀಜ ತಂದರೆ ನಾವೆಲ್ಲ ಹಂಚಿಕೊಳ್ಳಬಹುದು.

ಚಳಿಗಾಲದಲ್ಲಿ ಕರಿಬೇವು ಮಂಕಾಗುವುದನ್ನು ಕಂಡು ಅನೇಕರು ಗಾಬರಿಯಾಗುತ್ತಾರೆ. ಅದು ಗಿಡದ ವಿಶ್ರಾಂತಿಯ ಕಾಲ. ಆಗ ಗೊಬ್ಬರ ತುರುಕಬೇಡಿರಿ, ನೀರನ್ನೂ ತಗ್ಗಿಸಿರಿ. ಶಿವರಾತ್ರಿಯ ನಂತರ ತುದಿ ಚಿವುಟಿ, ಒಂದು ಹಿಡಿ ಎರೆಗೊಬ್ಬರ ಹಾಕಿದರೆ ನಾಲ್ಕು ಕಡೆ ಒಡೆದು ಚಿಗುರುತ್ತದೆ. ನರ ಹಸಿರಾಗಿಯೇ ಇದ್ದು ಎಲೆ ಹಳದಿಯಾದರೆ ಅದು ಕಬ್ಬಿಣದ ಕೊರತೆಯ ಗುರುತು. ಚಿಗುರನ್ನು ತಿನ್ನುವ ಹಸಿರು ಕಂಬಳಿಹುಳುಗಳಂಥವು ಕಂಡರೆ ಔಷಧಿ ಹೊಡೆಯದೆ ಕೈಯಿಂದ ಆರಿಸಿರಿ. ಅವು ಮುಂದೆ ಚಿಟ್ಟೆಗಳಾಗತಕ್ಕವು. ಒಂದೆರಡನ್ನು ಬಿಟ್ಟರೆ ಮಕ್ಕಳಿಗೆ ನೋಡಲಾದರೂ ಸಿಗುತ್ತವೆ. ಮಲ್ಲಿಗೆಯನ್ನು ಸಹ ಚಳಿಗಾಲದಲ್ಲೇ ಸವರಬೇಕು. ಆಗ ಕೈ ಹಿಂದೆಗೆದವರಿಗೆ ಬೇಸಗೆಯಲ್ಲಿ ಎಲೆ ದೊರೆಯುತ್ತದೆ, ಹೂ ದೊರೆಯದು.

ಬೇಸಗೆ ಬಂದೊಡನೆ ದಾಸವಾಳಕ್ಕೆ ಹಿಟ್ಟುತಿಗಣೆ ಹತ್ತುತ್ತದೆ. ಗಿಡದ ಮೇಲೆ ಇರುವೆಗಳು ಸಾಲಾಗಿ ಓಡಾಡಿದರೆ ಅದೇ ಮುನ್ಸೂಚನೆ. ತಿಗಣೆ ಸುರಿಸುವ ಸಿಹಿಯ ಆಸೆಗೆ ಇರುವೆ ಅದನ್ನು ಸಾಕಿ ಸಲಹುತ್ತದೆ. ಮೊದಲು ನೀರಿನ ರಭಸದಿಂದ ತೊಳೆದು, ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ನಾಲ್ಕು ಹನಿ ಸಾಬೂನು ನೀರು ಕದಡಿ, ಬಿಸಿಲಿಳಿದ ಮೇಲೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿರಿ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿದರೆ ಹತೋಟಿಗೆ ಬರುತ್ತದೆ. ತುಳಸಿಯ ತೆನೆ ಒಣಗುವ ಮುನ್ನ ಚಿವುಟುತ್ತಿದ್ದರೆ ಗಿಡ ಬಹುಕಾಲ ಬಾಳುತ್ತದೆ.

ಈಗ ನಮ್ಮ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇವೆ. ನಮ್ಮ ಗಿಡಗಳನ್ನು ಹೆಚ್ಚಾಗಿ ಕೊಲ್ಲುವುದು ಹುಳುವಲ್ಲ, ರೋಗವಲ್ಲ, ಮೇ ತಿಂಗಳು. ಶಾಲೆಗಳಿಗೆ ರಜೆ ಬೀಳುತ್ತದೆ, ಊರಿನಲ್ಲಿ ಮದುವೆ, ಉಪನಯನ, ಜಾತ್ರೆಗಳು ಕೂಡಿ ಬರುತ್ತವೆ. ಹದಿನೈದು ಇಪ್ಪತ್ತು ದಿನ ಬಾಗಿಲಿಗೆ ಬೀಗ. ಮುಂಬಯಿಗೆ ನೀರೂಡುವ ಏಳು ಕೆರೆಗಳಲ್ಲಿ ಒಂದರ ಹೆಸರು ತುಳಸಿ. ಆ ಕೆರೆಗಳ ಮಟ್ಟ ತೀರ ಇಳಿಯುವ ಕಾಲದಲ್ಲೇ ಗ್ಯಾಲರಿಯ ತುಳಸಿ ಅನಾಥವಾಗುತ್ತದೆ. ವರ್ಷವಿಡೀ ಮಗುವಿನಂತೆ ಸಾಕಿದ್ದು ಹಿಂತಿರುಗಿ ಬಂದಾಗ ಕಡ್ಡಿಯಾಗಿರುತ್ತದೆ.

ಇದಕ್ಕೆ ಕೆಲವು ಉಪಾಯಗಳುಂಟು. ಕುಂಡಗಳನ್ನೆಲ್ಲ ನೆರಳಿನಲ್ಲಿ ಒತ್ತೊತ್ತಾಗಿಟ್ಟು, ಮಣ್ಣಿನ ಮೇಲೆ ತೆಂಗಿನ ನಾರು ಹಾಸಿರಿ. ಎತ್ತರದಲ್ಲಿ ಮುಚ್ಚಳವಿರುವ ಬಕೆಟಿನಲ್ಲಿ ನೀರಿಟ್ಟು, ಹತ್ತಿಯ ಹಗ್ಗದ ಒಂದು ತುದಿಯನ್ನು ಅದರಲ್ಲೂ ಇನ್ನೊಂದನ್ನು ಕುಂಡದ ಮಣ್ಣಿನಲ್ಲೂ ಹುಗಿದರೆ ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ನೀರನ್ನು ಎಳೆದುಕೊಳ್ಳುತ್ತದೆ. ಆದರೆ ಇವು ನಾಲ್ಕೈದು ದಿನದ ಮಾತು. ಅದಕ್ಕೂ ಹೆಚ್ಚಿನ ದಿನಕ್ಕೆ ಮನುಷ್ಯನ ಕೈಯೇ ಬೇಕು.

ಆ ಕೈ ಯಾರದು? ಮೇ ತಿಂಗಳಲ್ಲೂ ಇಲ್ಲೇ ಉಳಿಯುವವರದು. ರಜೆ ಸಿಗದ ಪಾಳಿಯ ಕೆಲಸಗಾರರು, ಬೇಸಗೆಯ ಗಿರಾಕಿಯನ್ನು ಬಿಟ್ಟು ಹೋಗಲಾಗದ ಹೋಟೆಲು ಕೆಲಸದವರು, ರೈಲು ಖರ್ಚಿಗೆ ಈ ವರ್ಷ ಹಣ ಹೊಂದದವರು, ಊರಿನಲ್ಲಿ ಕಾಯುವವರು ಯಾರೂ ಉಳಿಯದವರು. ಊರಿಗೆ ಹೋಗಲಾಗದ ಮನುಷ್ಯ ಊರಿಗೆ ಹೋದವರ ಗಿಡಕ್ಕೆ ನೀರು ಹಾಕುತ್ತಾನೆ! ಇದು ಸಣ್ಣ ಉಪಕಾರವಲ್ಲ ಸ್ವಾಮಿ. ಬಿಡುವಾದ ಅರ್ಧ ಗಂಟೆಯಲ್ಲಿ ಮೂರು ಮಹಡಿ ಹತ್ತಿ, ನಲ್ಲಿಯಲ್ಲಿ ನೀರು ಬರುವ ಹೊತ್ತು ಕಾದು, ತನ್ನ ಪಾಲಿನ ಬಕೆಟಿನಿಂದ ಇನ್ನೊಬ್ಬರ ಮಲ್ಲಿಗೆಗೆ ನಾಲ್ಕು ಚೊಂಬು ಕೊಡುವವನ ಋಣವನ್ನು ‘ಥ್ಯಾಂಕ್ಸ್’ ಎಂಬ ಒಂದು ಮಾತಿನಲ್ಲಿ ತೀರಿಸಲಾಗದು.

ಆದಕಾರಣ ನಮ್ಮದೊಂದು ಸೂಚನೆ. ವಾಚನಾಲಯದ ಮೇಜಿನ ಮೇಲೆ ಒಂದು ವಹಿ ಇಡೋಣ. ಏಪ್ರಿಲ್ ಮುಗಿಯುವುದರೊಳಗೆ ಹೋಗುವವರು ತಮ್ಮ ಕೋಣೆ, ಕುಂಡಗಳ ಸಂಖ್ಯೆ, ಹೊರಡುವ ಹಾಗೂ ಹಿಂತಿರುಗುವ ದಿನಗಳನ್ನು ಬರೆಯಲಿ. ಉಳಿಯುವವರು ತಮಗೆ ಬಿಡುವಾಗುವ ಹೊತ್ತನ್ನು ಬರೆಯಲಿ. ಒಬ್ಬರಿಗೆ ಎರಡು ಮನೆಗಿಂತ ಹೆಚ್ಚು ಬೇಡ. ಹೋಗುವವರು ಸುಲಭವಾಗಿ ಕೈಗೆಟಕುವ ಜಾಗಕ್ಕೆ ಕುಂಡಗಳನ್ನು ತಂದಿಟ್ಟು, ಯಾವುದಕ್ಕೆ ಎಷ್ಟು ನೀರೆಂದು ಚೀಟಿ ಅಂಟಿಸಿ ಹೋಗಲಿ. ಬರುವಾಗ ನೀರು ಹಾಕಿದವರಿಗಾಗಿ ಅವರ ಊರ ಕಡೆಯ ಬೀಜವನ್ನೋ ದಂಟನ್ನೋ ತರಲಿ. ವಿಜಯಪುರದವರಿಗೆ ಪುಂಡಿಯ ಬೀಜ, ಉಡುಪಿಯವರಿಗೆ ಬಸಳೆಯ ದಂಟು, ಮೈಸೂರಿನವರಿಗೆ ಮಲ್ಲಿಗೆಯ ಕಡ್ಡಿ. ತಮ್ಮ ಊರಿನ ಮಣ್ಣನ್ನು ಈ ವರ್ಷ ಕಾಣದವರ ಕುಂಡದಲ್ಲಿ ಆ ಊರಿನದೇ ಒಂದು ಚಿಗುರು ಒಡೆಯಲಿ.

ವಹಿಯನ್ನು ಇಂದೇ ತೆರೆಯಲು ಅಧ್ಯಕ್ಷರು ಒಪ್ಪಿದ್ದಾರೆ. ಮೊದಲ ಪುಟದಲ್ಲಿ, ಉಳಿಯುವವರ ಸಾಲಿನಲ್ಲಿ, ಈಗಾಗಲೇ ಮೂವರ ಹೆಸರು ಬಿದ್ದಿದೆ. ಹೋಗುವವರ ಹೆಸರುಗಳನ್ನು ಕಾಯುತ್ತಿದ್ದೇವೆ.