ಡಿಕ್ರಿ ಆದಮೇಲೆ ದುಡ್ಡು ವಸೂಲಿ



ಬೆಳ್ಳಿಹಬ್ಬದಲ್ಲಿ ಸಂಘದ ಸಾಧನೆ ಹೇಳುವವರು ಬಹಳ ಮಂದಿ ಇದ್ದಾರೆ. ನಮ್ಮ ಪಾಲಿಗೆ ಬಂದಿರುವುದು ವಸೂಲಿ ವಿಷಯ. ಊಟಕ್ಕೆ ಮುಂಚೆ ಇದು ಯಾರಿಗೂ ರುಚಿಸುವ ಮಾತಲ್ಲ, ಆದರೂ ಕೇಳಬೇಕು.

2018ರ ಸುಗ್ಗಿಯಲ್ಲಿ ಒಂಬತ್ತು ಮನೆಯವರು ಸೇರಿ ಸಂಘದ ಮೂಲಕ ಮೆಕ್ಕೆಜೋಳ ಮಾರಿದ್ದು ನಿಮಗೆಲ್ಲ ಗೊತ್ತು. ಹೊರಊರಿನ ವ್ಯಾಪಾರಿ ಅರ್ಧ ದುಡ್ಡು ಕೊಟ್ಟರು, ಉಳಿದ 3,90,000 ರೂಪಾಯಿಗೆ ಇವತ್ತು ನಾಳೆ ಅಂದರು, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಆ ದುಡ್ಡು ಬಾರದೆ ಮೂರು ಮನೆಯವರ ಬೆಳೆಸಾಲ ವಾಯಿದೆ ಮೀರಿತು, ಬಡ್ಡಿ ರಿಯಾಯಿತಿ ಕೈತಪ್ಪಿತು. ಮಾಲು ಕೊಟ್ಟವರ ಹೆಸರನ್ನೇ ಸುಸ್ತಿದಾರರ ಪಟ್ಟಿಯಲ್ಲಿ ಬರೆಯಬೇಕಾಗಿ ಬಂತು. ಆ ಪಟ್ಟಿಗೆ ರುಜು ಹಾಕುವಾಗ ನಮ್ಮ ಆಡಳಿತ ಮಂಡಳಿಯಲ್ಲಿ ಯಾರೂ ಮಾತಾಡಲಿಲ್ಲ.

ಸದಸ್ಯರ ಬಾಕಿಯಾದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಲ್ಲಿ ದಾವಾ ಹೂಡಿ, 101ನೇ ಕಲಮಿನಲ್ಲಿ ವಸೂಲಿಗೆ ಹೋಗುತ್ತೇವೆ. ವ್ಯಾಪಾರಿ ಸದಸ್ಯರಲ್ಲ, ಹಾಗಾಗಿ ಸಿವಿಲ್ ಕೋರ್ಟಿಗೇ ಹೋದೆವು. 2021ರಲ್ಲಿ ಡಿಕ್ರಿ ನಮ್ಮ ಕಡೆ ಆಯಿತು. ಊರಲ್ಲಿ ಎಲ್ಲರೂ ‘ದುಡ್ಡು ಯಾವಾಗ ಹಂಚ್ತೀರಿ’ ಅಂತ ಕೇಳೋರೇ. ಡಿಕ್ರಿ ಅಂದರೆ ದುಡ್ಡಲ್ಲ. ಇಷ್ಟು ಬರಬೇಕು ಅಂತ ಕೋರ್ಟು ಬರೆದುಕೊಟ್ಟ ಕಾಗದ ಅದು. ಕೋರ್ಟು ತಾನಾಗಿ ಹೋಗಿ ವಸೂಲು ಮಾಡಿ ತಂದುಕೊಡುವುದಿಲ್ಲ, ಗೆದ್ದವರೇ ಮತ್ತೆ ಅಮಲ್ಜಾರಿ ಅರ್ಜಿ ಹಾಕಬೇಕು. ಇಂಡಿಯಾದಲ್ಲಿ ದಾವೆದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬ ಅರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮದು ಆರು ತಿಂಗಳಲ್ಲಿ ಮುಗಿಯಲಿಲ್ಲ.

ಅರ್ಜಿ ಹಾಕಲು 12 ವರ್ಷ ಅವಕಾಶ ಇದೆ. ಹಾಗಂತ ಡಿಕ್ರಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರಬಾರದು. ಎರಡು ವರ್ಷ ದಾಟಿದರೆ ಸಾಮಾನ್ಯವಾಗಿ ಮೊದಲು ಎದುರು ಪಾರ್ಟಿಗೆ ನೋಟಿಸು ಹೋಗುತ್ತದೆ. ಆಸ್ತಿ ಸಾಗಿಸುವವರಿಗೆ ಅಷ್ಟೇ ಸಾಕು.

ವಕೀಲರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆಯೇ ‘ಅವರ ಆಸ್ತಿ ಏನಿದೆ, ಎಲ್ಲಿದೆ ಹೇಳಿ’ ಅಂತ. ಜಪ್ತಿ ಮಾಡಬೇಕಾದ್ದನ್ನು ನಾವೇ ತೋರಿಸಬೇಕು. ಪಹಣಿ ತೆಗೆಸಿದೆವು, ಋಣಭಾರ ಪತ್ರ ತೆಗೆಸಿದೆವು. ಮನೆ ಹೆಂಡತಿ ಹೆಸರಲ್ಲಿ, ಲಾರಿ ತಮ್ಮನ ಹೆಸರಲ್ಲಿ. ಸಾಲಗಾರರಿಗೆ ಮೋಸ ಮಾಡಲೆಂದೇ ಆಸ್ತಿ ಬೇರೆಯವರ ಹೆಸರಿಗೆ ಮಾಡಿದ್ದರೆ ಅದನ್ನೂ ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು, ಆದರೆ ಅದೇ ಇನ್ನೊಂದು ದಾವಾ ಆಗುತ್ತದೆ. ದಾವಾ ನಡೆಯುತ್ತಿರುವಾಗಲೇ ಇಂಥ ಲಕ್ಷಣ ಕಂಡರೆ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಲು ಕಾನೂನಿನಲ್ಲಿ ದಾರಿ ಇದೆ, ಇದನ್ನು ಯಾರೂ ಮರೆಯಬೇಡಿ. ಆಸ್ತಿ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡುವಂತೆ ಕೋರ್ಟಿನಿಂದ ಆಜ್ಞೆಯನ್ನೂ ಮಾಡಿಸಬಹುದು. ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು.

ನಮಗೆ ದಾರಿ ತೋರಿಸಿದ್ದು ಹಮಾಲಿ ಕೆಲಸಕ್ಕೆ ಹೋಗುವ ನಮ್ಮೂರ ಒಬ್ಬ ಹುಡುಗ. ಆ ವ್ಯಾಪಾರಿ ಇನ್ನೊಂದು ಪೇಟೆಯ ಮಂಡಿಗೆ ಮಾಲು ಹಾಕಿದ್ದಾರೆ, ಮಂಡಿಯವರು ಇನ್ನೂ ಪೂರ್ತಿ ದುಡ್ಡು ಕೊಟ್ಟಿಲ್ಲ ಅಂತ ಸುದ್ದಿ ತಂದ. ನಮಗೆ ಕೊಡಬೇಕಾದವರಿಗೆ ಮೂರನೆಯವರಿಂದ ಬರಬೇಕಾದ ದುಡ್ಡನ್ನೂ ಜಪ್ತಿ ಮಾಡಿಸಬಹುದು. ಮಂಡಿಗೆ ಕೋರ್ಟಿನ ನೋಟಿಸು ಹೋಯಿತು, 1,70,000 ರೂಪಾಯಿ ಕೋರ್ಟಿಗೆ ಕಟ್ಟಿದರು. ಅದು ಸಂಘಕ್ಕೆ ಬಂದು, ಚೀಲದ ಲೆಕ್ಕದಲ್ಲಿ ಒಂಬತ್ತು ಮನೆಗೂ ಹಂಚಿಕೆಯಾಯಿತು.

‘ಹಿಡಿದು ಒಳಗೆ ಹಾಕಿಸ್ರಿ’ ಅಂತ ಕಟ್ಟೆ ಮೇಲೆ ಕೂತು ಹೇಳೋರಿಗೆ ಒಂದು ಮಾತು. ಇಲ್ಲದವನನ್ನು ಬರೀ ಸಾಲ ತೀರಿಸಲಿಲ್ಲ ಅಂತ ಜೈಲಿಗೆ ಹಾಕುವಂತಿಲ್ಲ, ಇದ್ದೂ ಕೊಡದೆ ವಂಚಿಸುತ್ತಿದ್ದಾನೆ ಎಂದು ತೋರಿಸಬೇಕು. 1980ರಲ್ಲೇ ಸುಪ್ರೀಂ ಕೋರ್ಟು ಹೀಗೆ ಹೇಳಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವ ಹಾಗೇ ಇಲ್ಲ. ಇನ್ನು ಒಳಗಿದ್ದಷ್ಟು ದಿನ ಅವನ ಊಟದ ಖರ್ಚು ಕಟ್ಟಬೇಕಾದವರು ಯಾರು ಅಂತೀರಿ? ಡಿಕ್ರಿ ಪಡೆದವರೇ! ಹೊರಗೆ ಬಂದಮೇಲೆ ಸಾಲ ಹಾಗೇ ಇರುತ್ತದೆ, ಅದೊಂದು ಸಮಾಧಾನ.

ಈ ಸಭೆಯಲ್ಲಿ ಡಿಕ್ರಿ ಪಡೆದವರೂ ಇದ್ದೀರಿ, ನಿಮ್ಮ ಮೇಲೆ ಡಿಕ್ರಿ ಆದವರೂ ಇದ್ದೀರಿ. ಹೆಸರು ಹೇಳುವುದಿಲ್ಲ. ಸಿವಿಲ್ ಕೋರ್ಟಿನ ಜಪ್ತಿಯಲ್ಲಿ ಅಡುಗೆ ಪಾತ್ರೆ, ಹಾಸಿಗೆ, ಹೆಣ್ಣುಮಕ್ಕಳ ತಾಳಿ ಮುಟ್ಟುವ ಹಾಗಿಲ್ಲ. ರೈತನ ಜೀವನಕ್ಕೆ ಬೇಕೆಂದು ಕೋರ್ಟಿಗೆ ಕಂಡ ನೇಗಿಲು, ಎತ್ತು, ಬಿತ್ತನೆ ಬೀಜ, ರೈತ ವಾಸ ಇರುವ ಮನೆ, ಇವನ್ನೂ ಕಾನೂನು ಬಿಟ್ಟಿದೆ. ಅಡವು ಬರೆದುಕೊಟ್ಟ ಆಸ್ತಿಯ ಲೆಕ್ಕ ಬೇರೆ. ಅಪ್ಪನ ಮೇಲಿನ ಡಿಕ್ರಿ ಅಪ್ಪ ತೀರಿಕೊಂಡರೆ ಹೋಗುವುದಿಲ್ಲ, ಆದರೆ ಅವರಿಂದ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಮಕ್ಕಳು ಬಾಧ್ಯರು. ಅಮೀನರು ಬಂದರೆ ಗಾಬರಿಯಾಗಿ ಯಾರ್ಯಾರಿಗೋ ದುಡ್ಡು ಕೊಡಬೇಡಿ, ವಕೀಲರನ್ನು ಕೇಳಿ.

ಕೋರ್ಟಿನ ಹೊರಗೆ ಕೊಟ್ಟ ದುಡ್ಡನ್ನು ಕೋರ್ಟಿನಲ್ಲಿ ದಾಖಲು ಮಾಡಿಸಲೇಬೇಕು. ದಾಖಲಾಗದ್ದನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಟ್ಟವರು 30 ದಿನದೊಳಗೆ ಅರ್ಜಿ ಹಾಕಿಕೊಳ್ಳಬೇಕು. ನಮ್ಮ ವ್ಯಾಪಾರಿ ಒಮ್ಮೆ ಆಳಿನ ಕೈಯಲ್ಲಿ 20,000 ಕಳಿಸಿ, ಜೊತೆಗೆ ‘ಪೂರಾ ಸಂದಾಯವಾಯಿತು’ ಅಂತ ಬರೆದ ಕಾಗದಕ್ಕೆ ರುಜು ಕೇಳಿದರು. ನಮ್ಮ ಕಾರ್ಯದರ್ಶಿಗಳು 20,000ಕ್ಕೆ ಮಾತ್ರ ರಸೀತಿ ಕೊಟ್ಟು, ಅಷ್ಟನ್ನೇ ಕೋರ್ಟಿಗೆ ತಿಳಿಸಿದರು. ಅವರಿಗೆ ಸಭೆಯ ಪರವಾಗಿ ಅಭಿನಂದನೆ.

ಇನ್ನೂ ಎರಡು ಲಕ್ಷ ಅಸಲು, ಅದರ ಮೇಲೆ ಬಡ್ಡಿ, ಖರ್ಚು ಬರಬೇಕಾಗಿದೆ. ಅರ್ಜಿ ಜೀವಂತವಾಗಿದೆ. ಆ ವ್ಯಾಪಾರಿಯ ಮಾಲು ಯಾವ ಮಂಡಿಯಲ್ಲಿ ಇಳಿದರೂ, ಯಾವ ಬ್ಯಾಂಕಿನಲ್ಲಿ ಅವರ ಖಾತೆ ಇದೆ ಅಂತ ಗೊತ್ತಾದರೂ ಬಂದು ಕಾರ್ಯದರ್ಶಿಗಳಿಗೆ ತಿಳಿಸಿ.