‘ನಾನು’ ಮತ್ತು ‘ನಾನೇ’: ಫ್ರೆಂಚಿನ ಎರಡು ಬಗೆ

ಬಳ್ಳಾರಿ ರಸ್ತೆಯಲ್ಲಿ ಹುಣಸಮಾರನಹಳ್ಳಿ ದಾಟುವ ಬಸ್ಸಿನಲ್ಲಿ ಕಂಡಕ್ಟರ್ ‘ಟಿಕೆಟ್ ಯಾರ್ರೀ ತಗೊಂಡಿಲ್ಲ?’ ಎಂದು ಕೂಗಿದರೆ ಉತ್ತರ ಎರಡು ಬಗೆ. ‘ತಗೊಂಡಿದೀನಿ’ ಎಂದವರು ವಿಷಯ ತಿಳಿಸಿದರು, ಅಷ್ಟೇ. ‘ನಾನಂತೂ ತಗೊಂಡಿದೀನಪ್ಪ’ ಎಂದವರು ಪಕ್ಕದವರ ಮೇಲೆ ಸಣ್ಣ ಅನುಮಾನವನ್ನೂ ಹೊರಿಸಿದರು.

ಈ ‘ನಾನಂತೂ’ ಫ್ರೆಂಚಿನಲ್ಲಿ ‘ಮ್ವಾ, ಜ’ ಎಂದಾಗುತ್ತದೆ. ಎರಡಕ್ಕೂ ಅರ್ಥ ‘ನಾನು’. ಒಂದು ಸಾಲದೇ?

ಸಾಲದು. ಅಲ್ಲಿನ ಮಾಮೂಲಿ ‘ನಾನು’ ಆದ ‘ಜ’ ತೀರ ಬಡಕಲು. ಮುಂದಿನ ಪದ ಸ್ವರದಿಂದ ಶುರುವಾದರೆ ಅದರ ಸ್ವರ ಉದುರಿ ಬರೀ ವ್ಯಂಜನ ಉಳಿಯುತ್ತದೆ. ಅಂಥದರ ಮೇಲೆ ಒತ್ತು ಹಾಕುವುದೆಲ್ಲಿ? ಹಾಗಂತ ಬಿಟ್ಟುಬಿಡುವಂತೆಯೂ ಇಲ್ಲ. ಕನ್ನಡದಲ್ಲಿ ‘ಬಂದೆ’, ‘ಬಂದ’, ‘ಬಂದರು’ ಎಂದರೆ ಯಾರೆಂದು ಕ್ರಿಯಾಪದವೇ ಹೇಳುತ್ತದೆ. ಫ್ರೆಂಚಿನಲ್ಲಿ ನಾನು, ನೀನು, ಅವನು, ಅವರು ಯಾರೇ ಮಾತಾಡಲಿ, ಕಿವಿಗೆ ಬೀಳುವುದು ‘ಪಾರ್ಲ್’ ಒಂದೇ. ಬಾಲ ಬೇರೆಯಾಗುವುದು ಬರವಣಿಗೆಯಲ್ಲಿ. ಆದ್ದರಿಂದ ಒತ್ತಿ ಹೇಳಲು ಬೇರೆಯದೇ ಸರ್ವನಾಮಗಳಿವೆ: ನಾನು ‘ಮ್ವಾ’, ನೀನು ‘ತ್ವಾ’, ಅವನು ‘ಲ್ವಿ’. ‘ನಾವು’ ಎಂಬ ‘ನೂ’, ‘ನೀವು’ ಎಂಬ ‘ವೂ’ ಮುಂತಾದ ಕೆಲವು ಮಾತ್ರ ಎರಡೂ ಕೆಲಸಕ್ಕೆ ಒದಗುತ್ತವೆ.

ಬಾಗಿಲು ಬಡಿದವರು ‘ನಾನೇ’ ಎನ್ನುವಲ್ಲಿ ಫ್ರೆಂಚರು ‘ಸೆ ಮ್ವಾ’ ಎನ್ನುತ್ತಾರೆ. ‘ನಾನೂ’ ಎನ್ನಲು ‘ಮ್ವಾ ಓಸಿ’. ಹದಿನಾಲ್ಕನೇ ಲೂಯಿಯ ಹೆಸರಿನಲ್ಲಿ ಓಡಾಡುವ ‘ರಾಜ್ಯವೆಂದರೆ ನಾನೇ’ ಎಂಬ ಮಾತಿನ ಕೊನೆಗಿರುವುದೂ ಇದೇ ‘ಸೆ ಮ್ವಾ’. ಅವನು ಹಾಗೆ ಹೇಳಿದ್ದಕ್ಕೆ ಗಟ್ಟಿ ಆಧಾರವಿಲ್ಲ. ವ್ಯಾಕರಣ ಮಾತ್ರ ಅಪ್ಪಟ.

ನಮ್ಮ ಪಿಯುಸಿಯಲ್ಲಿ ಫ್ರೆಂಚ್ ಆಯ್ದುಕೊಳ್ಳುವ ಮಕ್ಕಳಿದ್ದಾರೆ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಿ ಕಲಿಯುವ ಉದ್ಯೋಗಸ್ಥರೂ ಇದ್ದಾರೆ. ಇಂಗ್ಲಿಷಿನ ದಾರಿಯಲ್ಲಿ ಬಂದವರಿಗೆ ದನಿ ಎತ್ತಿದರೆ ಒತ್ತು ಬಂತೆಂಬ ಭ್ರಮೆ. ‘ಜ’ವನ್ನು ಎಷ್ಟು ಕಿರುಚಿದರೂ ಅದು ‘ನಾನೇ’ ಆಗದು. ಬಾಲಕ್ಕೊಂದು ‘ಏ’, ‘ಊ’, ‘ಅಂತೂ’ ಹಚ್ಚಿ ಕೆಲಸ ಮುಗಿಸುವ ಕನ್ನಡದಿಂದ ಹೊರಟರೆ ದಾರಿ ಹತ್ತಿರ.

ಆ ದಾರಿಯಲ್ಲೂ ಒಂದು ಗುಂಡಿ ಇದೆ. ‘ಬಂದದ್ದು ನಾನೇ’ ಎಂದಾಗ ಕನ್ನಡದ ಕ್ರಿಯಾಪದ ‘ನಾನು’ವಿನ ಕೈಬಿಡುತ್ತದೆ. ಫ್ರೆಂಚಿನ ‘ಸೆ ಮ್ವಾ ಕಿ ಸ್ವಿ ವನ್ಯು’ದಲ್ಲಿ ‘ಸ್ವಿ’ ಉತ್ತಮ ಪುರುಷಕ್ಕೇ ಅಂಟಿಕೊಂಡಿರುತ್ತದೆ. ಅಲ್ಲಿ ಪ್ರಥಮ ಪುರುಷದ ರೂಪ ಬಳಸಿದರೆ ತಪ್ಪು. ಅಲ್ಲೇ ಹುಟ್ಟಿ ಬೆಳೆದವರೂ ಇಲ್ಲಿ ಎಡವುತ್ತಾರೆ, ಮೇಷ್ಟ್ರುಗಳು ತಿದ್ದುತ್ತಾರೆ.

ಇನ್ನೊಂದು ಕಡೆ ಫ್ರೆಂಚೇ ಹೆಚ್ಚು ಖಡಾಖಂಡಿತ. ‘ಸಾರು ನಾನೇ ಮಾಡಿದೆ’ ಎಂದರೆ ಯಾರ ನೆರವೂ ಇಲ್ಲದೆ ಎಂದೂ ಆಗಬಹುದು, ಮಾಡಿದವರು ಬೇರೆಯವರಲ್ಲ ಎಂದೂ ಆಗಬಹುದು. ಸಂದರ್ಭ ನೋಡಿ ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಫ್ರೆಂಚಿನಲ್ಲಿ ಮೊದಲನೆಯದಕ್ಕೆ ‘ಮ್ವಾ-ಮೆಮ್’, ಎರಡನೆಯದಕ್ಕೆ ‘ಸೆ ಮ್ವಾ ಕಿ’. ಯಾವುದೆಂದು ಬಾಯಿ ತೆರೆಯುವ ಮೊದಲೇ ತೀರ್ಮಾನಿಸಬೇಕು.